ಕೀಲಿಕೈ ಯಾರ ಹತ್ತಿರ?

ರಾಣೆಬೆನ್ನೂರಿನಿಂದ ಮೇಡ್ಲೇರಿಯ ಕಡೆ ಹೊರಡುವ ಮುಂಜಾನೆಯ ಬಸ್ಸಿನಲ್ಲಿ ಕೂತವರನ್ನು ಒಮ್ಮೆ ನೋಡಬೇಕು. ಮಾಸ್ತರು, ಅಕ್ಕೋರು, ಬ್ಯಾಂಕಿನವರು, ಪಂಚಾಯ್ತಿಯವರು, ಕೃಷಿ ಇಲಾಖೆಯವರು. ಮೇಡ್ಲೇರಿ ಹೋಬಳಿ ಊರು. ಹಾಗಾಗಿ ಶಾಲೆಯ ಜೊತೆ ನಾಡಕಚೇರಿ, ರೈತ ಸಂಪರ್ಕ ಕೇಂದ್ರ ಎಲ್ಲಕ್ಕೂ ಬಾಗಿಲುಂಟು, ಬಾಗಿಲಿಗೆ ಕೀಲಿ ಉಂಟು, ಆ ಕೀಲಿ ತೆಗೆಯುವ ಕೈಗಳಲ್ಲಿ ಹೆಚ್ಚಿನವು ಪರಸ್ಥಳದಿಂದ ಬರುವಂಥವು. ಬಸ್ಸು ಅರ್ಧ ತಾಸು ತಡವಾದರೆ ಕಚೇರಿಗೆ ಬಂದ ಜನ ಕಟ್ಟೆಯ ಮೇಲೆ ಕೂತು ಕಾಯುತ್ತಾರೆ. ಈ ಸೀಮೆಯ ಹಳ್ಳಿ ಶಾಲೆಗಳ ಮುಂದೆ ಮಾತ್ರ ಮಕ್ಕಳು ಹಾಗೆ ಕಾಯುವುದು ಕಡಿಮೆ. ಮಾಸ್ತರು ಬರುವ ಹೊತ್ತಿಗೆ ಬಾಗಿಲು ತೆಗೆದಿರುತ್ತದೆ, ಕಸ ಗುಡಿಸಿರುತ್ತದೆ, ಕೊಡದಲ್ಲಿ ನೀರು ತುಂಬಿರುತ್ತದೆ. ಏಕೆಂದರೆ ಕೀಲಿಕೈ ಇರುವುದು ಮಕ್ಕಳಲ್ಲೇ ಒಬ್ಬನ ಹತ್ತಿರ.

ಆ ಒಬ್ಬ ಯಾರು? ಸಾಮಾನ್ಯವಾಗಿ ಶಾಲೆಯ ಕಂಪೌಂಡಿಗೆ ಅಂಟಿಕೊಂಡ ಮನೆಯ ಹುಡುಗ, ಇಲ್ಲವೇ ಆರನೆಯ ಏಳನೆಯ ಇಯತ್ತೆಯ ಚುರುಕಾದ ಹುಡುಗಿ. ಆಯ್ಕೆಗೆ ಅರ್ಹತೆ ಮನೆ ಹತ್ತಿರ ಇರುವುದು, ಅಷ್ಟೆ. ಕೀಲಿಕೈ ಅಂಗಿಯ ಜೇಬಿನಲ್ಲಿ, ಉಡದಾರದಲ್ಲಿ, ಪಾಟೀಚೀಲದ ತಳದಲ್ಲಿ, ಮನೆಯ ದೇವರ ಜಗಲಿಯ ಮೊಳೆಯಲ್ಲಿ, ಕೆಲವೊಮ್ಮೆ ಶಾಲೆಯ ಬಾಗಿಲ ಚೌಕಟ್ಟಿನ ಮೇಲೆಯೇ ಇರುತ್ತದೆ. ಚೌಕಟ್ಟಿನ ಮೇಲೆ ಇರುವುದು ಊರಿಗೆಲ್ಲ ಗೊತ್ತು. ಕಳ್ಳನಿಗೆ ಮಾತ್ರ ಗೊತ್ತಿಲ್ಲ ಎಂಬ ನಂಬಿಕೆಯ ಮೇಲೆ ಆ ವ್ಯವಸ್ಥೆ ನಡೆದಿದೆ.

ಇದರಲ್ಲಿ ಯಾರ ತಪ್ಪನ್ನೂ ಹುಡುಕಬೇಕಾಗಿಲ್ಲ. ನಮ್ಮ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಜವಾನರೆಂಬುವರೇ ಇರುವುದಿಲ್ಲ. ಪ್ರೌಢಶಾಲೆಗಳಲ್ಲಿ ಹುದ್ದೆ ಇದ್ದರೂ ಎಷ್ಟೋ ಕಡೆ ಆ ಕುರ್ಚಿ ಖಾಲಿ. ಹಿಂದೆ ಶಾಲೆಯೆಂದರೆ ಎರಡು ಕೋಣೆ, ಒಂದು ಕಟ್ಟಿಗೆ ಕಪಾಟು, ಒಂದು ಗಂಟೆ. ಒಂದೇ ಕೀಲಿಕೈ ಸಾಕಾಗುತ್ತಿತ್ತು, ಅದನ್ನು ಒಬ್ಬ ಹುಡುಗ ಇಟ್ಟುಕೊಂಡರೆ ಮುಗಿಯಿತು. ಕಳೆದ 25 ವರ್ಷಗಳಲ್ಲಿ ಕೀಲಿಗಳು ಬೆಳೆದ ಹಾಗೆ ಜನ ಬೆಳೆಯಲಿಲ್ಲ. ಬಿಸಿಯೂಟದ ಅಕ್ಷರ ದಾಸೋಹ ಯೋಜನೆ 2002ರಲ್ಲಿ ರಾಜ್ಯದ ಉತ್ತರದ ಏಳು ಜಿಲ್ಲೆಗಳಲ್ಲಿ ಶುರುವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಅದರೊಂದಿಗೆ ಅಕ್ಕಿ ಬೇಳೆ ಎಣ್ಣೆಯ ಉಗ್ರಾಣಕ್ಕೊಂದು ಕೀಲಿ, ಅಡುಗೆಮನೆಗೊಂದು, ಗ್ಯಾಸ್ ಸಿಲಿಂಡರಿನ ಗೂಡಿಗೊಂದು. 2013ರ ಆಗಸ್ಟ್ 1ರಿಂದ ಕ್ಷೀರಭಾಗ್ಯ, ಹಾಲಿನ ಪುಡಿಯ ಚೀಲಗಳಿಗೆ ಮತ್ತೊಂದು. ಆಮೇಲೆ ಕಂಪ್ಯೂಟರ್ ಕೋಣೆ, ವಿಜ್ಞಾನದ ಸಾಮಾನಿನ ಪೆಟ್ಟಿಗೆ, ಆಟದ ಸಾಮಾನು, ಶೌಚಾಲಯ, ನೀರಿನ ಮೋಟಾರಿನ ಸ್ಟಾರ್ಟರ್ ಪೆಟ್ಟಿಗೆ. ಒಂದು ಸಾಧಾರಣ ಹಿರಿಯ ಪ್ರಾಥಮಿಕ ಶಾಲೆಯ ಕೀಲಿಕೈ ಗೊಂಚಲನ್ನು ಕೈಯಲ್ಲಿ ಹಿಡಿದು ನೋಡಿ. ಹಿತ್ತಾಳೆಯವು ನಾಲ್ಕಾರು, ಕಬ್ಬಿಣದವು ಮೂರು, ಯಾವ ಬಾಗಿಲಿನದೆಂದು ಈಗಿನ ಯಾರಿಗೂ ಗೊತ್ತಿಲ್ಲದವು ಎರಡು. ಆ ಎರಡನ್ನು ಎಸೆಯಲು ಯಾರಿಗೂ ಧೈರ್ಯವಿಲ್ಲ, ಎಸೆದ ಮರುದಿನವೇ ಅದರ ಬಾಗಿಲು ಸಿಕ್ಕರೆ ಏನು ಗತಿ?

ಹೀಗೆ ಗೊಂಚಲು ಭಾರವಾದಂತೆ ಅದು ಹಂಚಿಹೋಗುತ್ತದೆ. ಉಗ್ರಾಣದ್ದು ಮುಖ್ಯೋಪಾಧ್ಯಾಯರಲ್ಲಿ, ಅಡುಗೆಮನೆಯದು ಬಿಸಿಯೂಟದ ತಾಯಂದಿರಲ್ಲಿ, ಕ್ಲಾಸು ಕೋಣೆಗಳದ್ದು ಮಕ್ಕಳಲ್ಲಿ. ಈಗ ಹೆಚ್ಚಿನ ಶಾಲೆಗಳಲ್ಲಿ ಶಾಲಾ ಸಂಸತ್ತು ಇದೆ. ವರ್ಷದ ಆರಂಭಕ್ಕೆ ಮತಪತ್ರ ಹಾಕಿ ಚುನಾವಣೆ ಮಾಡಿ ಮುಖ್ಯಮಂತ್ರಿ, ಆಹಾರ ಮಂತ್ರಿ, ಸ್ವಚ್ಛತಾ ಮಂತ್ರಿ, ಗ್ರಂಥಾಲಯ ಮಂತ್ರಿಯರನ್ನು ಆರಿಸುತ್ತಾರೆ, ಪ್ರಮಾಣವಚನವನ್ನೂ ಬೋಧಿಸುತ್ತಾರೆ. ಮಕ್ಕಳ ಪಾಲಿಗೆ ಅಧಿಕಾರದ ಗುರುತು ಖಾತೆಯ ಹೆಸರಲ್ಲ, ಕೈಗೆ ಬರುವ ಕೀಲಿಕೈ. ಊರು ಕಾಯುವ ಕೆಲಸ ಸಿಕ್ಕಷ್ಟು ಗತ್ತಿನಿಂದ ಅದನ್ನು ಬೆರಳಿಗೆ ಸಿಕ್ಕಿಸಿ ತಿರುಗಿಸುತ್ತ ನಡೆಯುವ ಮಂತ್ರಿಗಳನ್ನು ಯಾವ ಶಾಲೆಯ ಅಂಗಳದಲ್ಲಾದರೂ ಕಾಣಬಹುದು.

ಗತ್ತು ಇಳಿಯುವುದು ಕೀಲಿಕೈ ಕಾಣದಿದ್ದ ದಿನ.

“ನಿನ್ನೆ ಸಂಜಿಗೇ ಕೊಟ್ಟೀನ್ರಿ ಸರ್.”

“ನನಗೆಲ್ಲಿ ಕೊಟ್ಟಾನ್ರಿ? ಕಿಡಕಿ ಮ್ಯಾಲೆ ಇಟ್ಟೀನಿ ಅಂತ ಅಂದಿದ್ದ.”

“ನೋಡ್ರಿ ಸರ್, ಇಟ್ಟೀನಿ ಅಂದಿದ್ದು ಅವನ ಒಪ್ಕೊಂಡಾನ!”

ಈ ವಾದದಲ್ಲಿ ಗಮನಿಸಬೇಕಾದ್ದು, ಇಬ್ಬರು ಹುಡುಗರೂ ನಿಜವನ್ನೇ ಹೇಳುತ್ತಿರಬಹುದು. ಜೇಬಿನ ತೂತಿನಿಂದ ಬಿದ್ದು ಕಳೆದ ಕೀಲಿಕೈಗಿಂತ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗ ಕಳೆದವೇ ಹೆಚ್ಚು. ಕೊಟ್ಟವನಿಗೆ ಕೊಟ್ಟ ನೆನಪು ಗಟ್ಟಿ, ತೆಗೆದುಕೊಂಡವನಿಗೆ ತೆಗೆದುಕೊಂಡ ನೆನಪು ಸಡಿಲು. ನಡುವೆ ಕಿಟಕಿ, ಮೇಜು, ಇನ್ನೊಬ್ಬ ಗೆಳೆಯ. ಬರೆದಿಟ್ಟದ್ದು ಏನೂ ಇಲ್ಲದಿದ್ದರೆ ತೀರ್ಪು ಯಾರ ಮೇಲೆ ಬೀಳುತ್ತದೆ ಎಂಬುದನ್ನು ಹೇಳಬೇಕಾಗಿಲ್ಲ. ಮನೆಯಲ್ಲಿ ಬಡತನ ಯಾರಿಗೆ ಹೆಚ್ಚೋ, ಮಾತು ಯಾರಿಗೆ ಕಡಿಮೆಯೋ ಅವರ ಮೇಲೆ. ಕೀಲಿಕೈಗೆ ಲೆಕ್ಕ ಇಡಬೇಕೆಂದು ಹೇಳುವುದಕ್ಕೆ ಕಳ್ಳತನದ ಭಯಕ್ಕಿಂತ ದೊಡ್ಡ ಕಾರಣ ಇದು. ಸಂಬಳವಿಲ್ಲದೆ ದುಡಿಯುವ ಈ ಪುಟ್ಟ ಸಿಬ್ಬಂದಿಗೆ ಆ ಲೆಕ್ಕವೇ ಸಾಕ್ಷಿ.

ಕೈ ಬದಲಾಗುವಾಗ ಕಳೆದ ಕೀಲಿಕೈಗಳಲ್ಲಿ ಜಗತ್ತಿಗೆಲ್ಲ ಗೊತ್ತಿರುವುದು ಟೈಟಾನಿಕ್ ಹಡಗಿನದು. 1912ರ ಏಪ್ರಿಲ್ 10ರಂದು ಹಡಗು ಸೌತಾಂಪ್ಟನ್ನಿನಿಂದ ಹೊರಟಿತು. ಅದರ ಹಿಂದಿನ ದಿನ ಡೇವಿಡ್ ಬ್ಲೇರ್ ಎಂಬ ಅಧಿಕಾರಿಯನ್ನು ಆ ಪ್ರಯಾಣದಿಂದ ಬಿಡಿಸಿ, ಬೇರೆ ಅಧಿಕಾರಿಯನ್ನು ಹಾಕಿದರು. ಹೊರಡುವ ಗಡಿಬಿಡಿಯಲ್ಲಿ ಬ್ಲೇರ್ ಒಂದು ಕೀಲಿಕೈಯನ್ನು ಜೇಬಿನಲ್ಲೇ ಇಟ್ಟುಕೊಂಡು ಇಳಿದುಬಿಟ್ಟ. ಅದು ಕಾವಲು ಅಟ್ಟಣಿಗೆಯವರಿಗೆ ಸೇರಿದ್ದು, ದುರ್ಬೀನು ಇಟ್ಟಿದ್ದ ಪೆಟ್ಟಿಗೆಯದು ಎನ್ನುತ್ತಾರೆ. ಹಡಗು ಹಿಮಗಡ್ಡೆಗೆ ಬಡಿದ ರಾತ್ರಿ ಕಾವಲಿದ್ದ ಫ್ರೆಡರಿಕ್ ಫ್ಲೀಟ್, ದುರ್ಬೀನು ಇದ್ದಿದ್ದರೆ ಹಿಮಗಡ್ಡೆ ಇನ್ನಷ್ಟು ಮೊದಲು ಕಾಣುತ್ತಿತ್ತು ಎಂದು ವಿಚಾರಣೆಯಲ್ಲಿ ಹೇಳಿದ. ಕಂಡಿದ್ದರೂ ಹಡಗು ಉಳಿಯುತ್ತಿತ್ತೇ ಎಂಬ ಬಗ್ಗೆ ಬಲ್ಲವರಲ್ಲಿ ಇಂದಿಗೂ ಒಮ್ಮತವಿಲ್ಲ. ಆ ಕೀಲಿಕೈ ಮಾತ್ರ 2007ರ ಹರಾಜಿನಲ್ಲಿ 90,000 ಪೌಂಡಿಗೆ ಹೋಯಿತು. ಬ್ಲೇರ್ ಕೆಟ್ಟವನಲ್ಲ, ಬೇಜವಾಬ್ದಾರಿಯವನೂ ಅಲ್ಲ. ಇಳಿದು ಹೋಗುವವನ ಜೇಬು ನೋಡುವ ಕೆಲಸ ಯಾರದೂ ಆಗಿರಲಿಲ್ಲ, ಅಷ್ಟೆ.

ಆ ಕೆಲಸವನ್ನು ಮನುಷ್ಯರ ನೆನಪಿಗೆ ಬಿಡದೆ ಯಂತ್ರಕ್ಕೇ ಒಪ್ಪಿಸಿದ ಉದಾಹರಣೆ ನಮ್ಮ ರೈಲ್ವೆಯಲ್ಲಿದೆ. ಒಂದೇ ಹಳಿಯ ಮಾರ್ಗದಲ್ಲಿ ಎದುರುಬದುರು ಎರಡು ಗಾಡಿ ಬರಬಾರದಲ್ಲ, ಅದಕ್ಕೆ ನೀಲ್ಸ್ ಟೋಕನ್ ಎಂಬ ಪೆಟ್ಟಿಗೆಗಳಿದ್ದವು. ಅಕ್ಕಪಕ್ಕದ ಎರಡು ಸ್ಟೇಷನ್ನುಗಳಲ್ಲಿ ಒಂದೊಂದು ಪೆಟ್ಟಿಗೆ, ಎರಡಕ್ಕೂ ತಂತಿಯ ನಂಟು. ಒಳಗೆ ಲೋಹದ ಚೆಂಡುಗಳು. ಈ ಕಡೆಯಿಂದ ಒಂದು ಚೆಂಡು ಹೊರಗೆ ಬಂತೆಂದರೆ, ಅದು ಆ ಕಡೆಯ ಪೆಟ್ಟಿಗೆಗೆ ಸೇರುವವರೆಗೆ ಇನ್ನೊಂದು ಚೆಂಡು ಎಲ್ಲಿಂದಲೂ ಹೊರಬರುವುದಿಲ್ಲ. ಚೆಂಡನ್ನು ಚರ್ಮದ ಚೀಲದಲ್ಲಿಟ್ಟು ದೊಡ್ಡ ಬಳೆಗೆ ಕಟ್ಟಿ ಡ್ರೈವರನ ಕೈಗೆ ಕೊಡುತ್ತಿದ್ದರು. ನಿಲ್ಲದ ಗಾಡಿಯಾದರೆ ಓಡುವಾಗಲೇ ತೋಳಿಗೆ ಸಿಕ್ಕಿಸಿಕೊಳ್ಳುತ್ತಿದ್ದುದನ್ನು ಹಳಬರು ನೋಡಿದ್ದಾರೆ. ಚೆಂಡು ಕೈಯಲ್ಲಿಲ್ಲದೆ ಡ್ರೈವರ್ ಗಾಡಿ ಬಿಡುವ ಹಾಗಿರಲಿಲ್ಲ. ಒಂದು ವಸ್ತು, ಒಂದು ಹೊತ್ತಿಗೆ ಒಬ್ಬನೇ ಹೊಣೆಗಾರ, ಮತ್ತು ಅದು ಯಾರ ಕೈಯಲ್ಲಿದೆ ಎಂಬುದು ಇಬ್ಬರಿಗೂ ಗೊತ್ತು. ಶಾಲೆಯ ಕೀಲಿಕೈಗೆ ಬೇಕಾದದ್ದೂ ಇಷ್ಟೇ. ವಿದ್ಯುತ್ ತಂತಿಯ ಬದಲು ಒಂದು ನೋಟ್‌ಬುಕ್ಕು ಸಾಕು.

ಇನ್ನು ಕೆಲವು ಬಾಗಿಲುಗಳಿಗೆ ಒಬ್ಬ ಹೊಣೆಗಾರ ಸಾಲದು ಎಂದು ಎರಡು ಕೀಲಿ ಹಾಕುತ್ತಾರೆ. ಬ್ಯಾಂಕಿನ ತಿಜೋರಿ, ಸರ್ಕಾರಿ ಖಜಾನೆಯ ಭದ್ರಕೋಣೆ ಇಂಥವು. ಇಬ್ಬರು ಬೇರೆ ಬೇರೆ ಕೀಲಿಕೈ ಹಿಡಿದು ಕೂಡಿ ಬಂದರೆ ಮಾತ್ರ ತೆರೆಯಬೇಕು. ಒಳ್ಳೆಯ ಪದ್ಧತಿ, ಆದರೆ ಪದ್ಧತಿಯ ಬಲ ಅದನ್ನು ಪಾಲಿಸುವವರಷ್ಟೇ. 2016ರ ಮಾರ್ಚ್ 21ರಂದು ನಡೆದ ದ್ವಿತೀಯ ಪಿಯುಸಿ ರಸಾಯನಶಾಸ್ತ್ರದ ಪ್ರಶ್ನೆಪತ್ರಿಕೆ ಸೋರಿಕೆಯಾಯಿತು. ಮರುಪರೀಕ್ಷೆಗೆಂದು ಗೊತ್ತು ಮಾಡಿದ್ದ ಮಾರ್ಚ್ 31ರ ಪತ್ರಿಕೆಯೂ ಸೋರಿತು. ಕೊನೆಗೆ ಪರೀಕ್ಷೆ ನಡೆದದ್ದು ಏಪ್ರಿಲ್ 12ರಂದು. ಲಕ್ಷಕ್ಕೂ ಮೀರಿದ ವಿದ್ಯಾರ್ಥಿಗಳು ಒಂದೇ ವಿಷಯವನ್ನು ಮತ್ತೆ ಮತ್ತೆ ಓದಿ ಕೂತರು. ಸಿಐಡಿ ತನಿಖೆ ನಡೆದಾಗ ಹೆಸರು ಕೇಳಿಬಂದದ್ದು ಪತ್ರಿಕೆ ಇಟ್ಟಿದ್ದ ನಮ್ಮದೇ ಹಾವೇರಿ ಜಿಲ್ಲೆಯ ಹಾನಗಲ್ಲಿನ ಉಪಖಜಾನೆಯದು. ಆ ಬಳಿಕ ಪರೀಕ್ಷಾ ವ್ಯವಸ್ಥೆಯನ್ನೇ ಬದಲಿಸಿ, ಪತ್ರಿಕೆ ಇಡುವ ಕೋಣೆಗಳಿಗೆ ಕ್ಯಾಮೆರಾ ಕಣ್ಗಾವಲು ಹಾಕಿದರು.

ವಿಜಯಪುರ ಜಿಲ್ಲೆಯ ಮನಗೂಳಿಯಲ್ಲಿ 2025ರ ಮೇ ತಿಂಗಳಲ್ಲಿ ಬ್ಯಾಂಕ್ ಶಾಖೆಯೊಂದರಿಂದ ಸುಮಾರು 59 ಕಿಲೋ ಚಿನ್ನ ಹೋಯಿತು. ಅಲ್ಲಿ ಪೊಲೀಸರು ಹೇಳಿದ್ದು ನಕಲಿ ಕೀಲಿಕೈಯ ಕಥೆ. ಬಂಧಿತರಲ್ಲಿ ಆ ಶಾಖೆಯಲ್ಲೇ ಹಿಂದೆ ಇದ್ದು ವರ್ಗವಾಗಿ ಹೋಗಿದ್ದ ಅಧಿಕಾರಿಯೂ ಒಬ್ಬರು. ಚಾರ್ಜು ಕೊಡುವಾಗ ಕೀಲಿಕೈ ಎಣಿಸಿ ಒಪ್ಪಿಸಿದರೂ ಅದರ ನಕಲನ್ನು ಎಣಿಸುವುದು ಹೇಗೆ? ಇದಕ್ಕಿರುವ ಉತ್ತರ ಒಂದೇ, ಹೊಣೆ ಬದಲಾದಾಗ ಕೀಲಿಯನ್ನೂ ಬದಲಾಯಿಸುವುದು. ಬ್ಯಾಂಕಿಗೆ ಅದು ದೊಡ್ಡ ಖರ್ಚು. ಶಾಲೆಯ ಕಂಪ್ಯೂಟರ್ ಕೋಣೆಗೆ ಹೊಸ ಕೀಲಿ ಹಾಕಲು ಕೆಲವು ನೂರು ರೂಪಾಯಿ ಆದೀತು.

ನಕಲಿನ ಮಾತು ಬಂದದ್ದರಿಂದ ಎರಡು ಸಂಗತಿ ಹೇಳಿಬಿಡಬೇಕು, ಏಕೆಂದರೆ ಕಾಲೇಜು, ಹಾಸ್ಟೆಲು ನಡೆಸುವವರಿಗೆ ಇವು ಬೇಕಾಗುತ್ತವೆ. ದೊಡ್ಡ ಕಟ್ಟಡಗಳಲ್ಲಿ ಪ್ರತಿ ಕೋಣೆಗೂ ಬೇರೆ ಕೀಲಿಕೈ, ಎಲ್ಲಕ್ಕೂ ಸೇರಿ ಒಂದು ಮಾಸ್ಟರ್ ಕೀಲಿಕೈ ಎಂಬ ಏರ್ಪಾಡು ಇರುತ್ತದೆ. ಅಮೆರಿಕದ ಎಟಿ ಅಂಡ್ ಟಿ ಪ್ರಯೋಗಾಲಯದಲ್ಲಿದ್ದ ಮ್ಯಾಟ್ ಬ್ಲೇಜ್ 2003ರಲ್ಲಿ ತೋರಿಸಿದ್ದು ಏನೆಂದರೆ, ಅಂಥ ಕಟ್ಟಡದ ಒಂದು ಕೋಣೆಯ ಕೀಲಿಕೈ ಇದ್ದವನು, ಕೆಲವು ಖಾಲಿ ಕೀಲಿಕೈ ಮತ್ತು ಒಂದು ಅರದಿಂದ, ಕೀಲಿ ಬಿಚ್ಚದೆಯೇ ಮಾಸ್ಟರ್ ಕೀಲಿಕೈಯನ್ನು ಮಾಡಿಕೊಳ್ಳಬಲ್ಲ. ಎರಡನೆಯದು 2008ರದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೊ ಕ್ಯಾಂಪಸ್ಸಿನ ಸಂಶೋಧಕರು 195 ಅಡಿ ದೂರದಿಂದ ಮೇಜಿನ ಮೇಲಿದ್ದ ಕೀಲಿಕೈಯ ಫೋಟೋ ತೆಗೆದು, ಅದರ ಹಲ್ಲುಗಳ ಅಳತೆಯನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ಬಾಗಿಲು ತೆರೆಯುವಂಥ ನಕಲನ್ನೇ ಮಾಡಿದರು. ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ “ಈ ಕೀಲಿಕೈ ಸಿಕ್ಕೈತಿ, ಯಾರ್ದು?” ಎಂದು ಅಂಗೈಯ ಮೇಲಿಟ್ಟು ಫೋಟೋ ಹಾಕುವವರು ಇದನ್ನು ಕೇಳಿಸಿಕೊಳ್ಳಬೇಕು. ಕೀಲಿಕೈಗೆ ಕಟ್ಟಿದ ಬಿಲ್ಲೆಯ ಫೋಟೋ ಹಾಕಲಿ, ಹಲ್ಲಿನ ಕಡೆ ಮುಚ್ಚಿಕೊಳ್ಳಲಿ.

ಸರಿ, ನೋಟ್‌ಬುಕ್ಕಿನ ಮಾತಿಗೆ ಬರೋಣ. ಕೀಲಿಕೈ ಲೆಕ್ಕ ಇಡಲು ಈಗ ಮೊಬೈಲ್ ಆ್ಯಪುಗಳಿವೆ, ಕಾರ್ಡು ತೋರಿಸಿದರೆ ತೆರೆಯುವ ಪೆಟ್ಟಿಗೆಗಳಿವೆ. ಕರೆಂಟು ಇರುವ, ದುಡ್ಡು ಇರುವ ಕಡೆ ಅವು ನಡೆಯಲಿ. ಮೇಡ್ಲೇರಿಯಂಥ ಊರಿಗೆ ಉದ್ದ ಹಾಳೆಯ ಒಂದು ರಿಜಿಸ್ಟರು, ಅದಕ್ಕೆ ದಾರದಿಂದ ಕಟ್ಟಿದ ಒಂದು ಪೆನ್ನು ಸಾಕು. ದಾರ ಮುಖ್ಯ. ದಾರವಿಲ್ಲದ ಪೆನ್ನು ಮೂರನೆಯ ದಿನ ಇರುವುದಿಲ್ಲ, ಪೆನ್ನಿಲ್ಲದ ದಿನ ಯಾರೂ ಬರೆಯುವುದಿಲ್ಲ, ಒಂದು ದಿನ ಬರೆಯದಿದ್ದರೆ ಮರುದಿನ ಬರೆಯುವ ಮನಸ್ಸಿರುವುದಿಲ್ಲ. ರಿಜಿಸ್ಟರು ಇರಬೇಕಾದದ್ದು ಕಪಾಟಿನಲ್ಲಲ್ಲ, ಕೀಲಿಕೈ ತೂಗುವ ಹಲಗೆಯ ಪಕ್ಕದಲ್ಲೇ. ಬರೆಯಲು ನಾಲ್ಕು ಹೆಜ್ಜೆ ನಡೆಯಬೇಕಾದರೆ “ಆಮೇಲೆ ಬರಿತೀನಿ” ಎನ್ನುವುದು ಹುಡುಗರಷ್ಟೇ ಅಲ್ಲ, ದೊಡ್ಡವರ ಸ್ವಭಾವವೂ ಹೌದು.

ಹಲಗೆಯ ಮೇಲೆ ಮೊಳೆಗಳು, ಮೊಳೆಗೊಂದು ಅಂಕಿ. ಕೀಲಿಕೈಗೆ ಕಟ್ಟುವ ಬಿಲ್ಲೆ ಅಂಗೈ ಅಗಲದ ಕಟ್ಟಿಗೆ ತುಂಡಾಗಿರಲಿ, ಜೇಬಿನಲ್ಲಿ ಹಿಡಿಯದಷ್ಟು ದೊಡ್ಡದು. ಮರೆತು ಮನೆಗೆ ಹೊರಟ ಹುಡುಗನ ತೊಡೆಗೆ ಅದು ಬಡಿದು ನೆನಪಿಸಬೇಕು. ಬಿಲ್ಲೆಯ ಮೇಲೆ ಅಂಕಿ ಮಾತ್ರ ಇರಲಿ, “ಕಂಪ್ಯೂಟರ್ ಕೋಣೆ, ಸರ್ಕಾರಿ ಶಾಲೆ” ಎಂದು ಊರ ಹೆಸರಿನ ಸಮೇತ ಬರೆಯುವುದು ಬೇಡ. ಬೀದಿಯಲ್ಲಿ ಬಿದ್ದು ಸಿಕ್ಕವನಿಗೆ ವಿಳಾಸವನ್ನೂ ನಾವೇ ಕೊಟ್ಟ ಹಾಗಾಗುತ್ತದೆ. ಯಾವ ಅಂಕಿ ಯಾವ ಬಾಗಿಲಿನದೆಂಬ ಪಟ್ಟಿ ಮುಖ್ಯೋಪಾಧ್ಯಾಯರ ಹತ್ತಿರ ಬೇರೆಯಾಗಿ ಇದ್ದರಾಯಿತು. ರಿಜಿಸ್ಟರಿನಲ್ಲಿ ದಿನಾಂಕ, ಅಂಕಿ, ಒಯ್ದ ಹೊತ್ತು, ಒಯ್ದವರ ಸಹಿ, ತಂದ ಹೊತ್ತು, ತೆಗೆದುಕೊಂಡವರ ಸಹಿ. ಈ ಕೊನೆಯ ಮನೆಯನ್ನೇ ಎಲ್ಲರೂ ಬಿಡುತ್ತಾರೆ. ಒಯ್ದವನ ಸಹಿ ಹಾಕಿಸಿಕೊಳ್ಳಲು ನಮಗೆ ಉತ್ಸಾಹ, ಮರಳಿ ಪಡೆದೆ ಎಂದು ನಾವು ಸಹಿ ಹಾಕಲು ಸಂಕೋಚ. ಆರನೆಯ ಇಯತ್ತೆಯ ಹುಡುಗಿಯ ಸಹಿಯ ಎದುರಿಗೆ ಮಾಸ್ತರ ಸಹಿ ಬಿದ್ದಾಗ ಮಾತ್ರ ಅವಳು ನಿಶ್ಚಿಂತೆಯಿಂದ ಮನೆಗೆ ಹೋಗಬಹುದು.

ಒಬ್ಬ ಹುಡುಗನಿಂದ ಇನ್ನೊಬ್ಬನಿಗೆ ನೇರವಾಗಿ ಕೀಲಿಕೈ ದಾಟಿಸುವುದನ್ನು ನಿಲ್ಲಿಸುವುದು ಕಷ್ಟ, ಆದರೆ ನಿಲ್ಲಿಸಲೇಬೇಕು. ಪ್ರತಿಸಲವೂ ಅದು ಹಲಗೆಗೆ ಬಂದು ಹೋಗಬೇಕು. ಮತ್ತೆ, ಎಲ್ಲ ಕೀಲಿಕೈಗಳ ಜೋಡಿಯನ್ನು ಒಂದು ಲಕೋಟೆಯಲ್ಲಿ ಹಾಕಿ, ಅಂಟಿಸಿ, ಅಂಟಿನ ಮೇಲೆ ಸಹಿ ಮಾಡಿ ಶಾಲೆಯ ಹೊರಗೆ ಒಂದು ಕಡೆ ಇಡಬೇಕು. ಬ್ಯಾಂಕಿನವರು ತಮ್ಮ ಜೋಡಿ ಕೀಲಿಕೈಯನ್ನು ಇನ್ನೊಂದು ಶಾಖೆಯಲ್ಲಿ ಇಡುವುದು ಇದೇ ಕಾರಣಕ್ಕೆ. 2001ರಿಂದ ಪ್ರತಿ ಸರ್ಕಾರಿ ಶಾಲೆಗೂ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಇದೆ, ಅದರ ಅಧ್ಯಕ್ಷರು ಊರಿನವರೇ ಆಗಿರುತ್ತಾರೆ. ಬಸ್ಸು ಬಾರದ ದಿನ ಲಕೋಟೆ ಒಡೆಯಲು ಅವರಿಗಿಂತ ತಕ್ಕವರು ಯಾರು? ಅಲ್ಲಿಗೆ ಕಂಪೌಂಡಿನ ಪಕ್ಕದ ಮನೆಯ ಹುಡುಗನ ಹೆಗಲು ಹಗುರವಾಗುತ್ತದೆ.

ಇಷ್ಟೆಲ್ಲ ಹೇಳುವಾಗ ಒಂದು ಅಪಾಯವೂ ಇದೆ. ಲೆಕ್ಕ ಬಿಗಿಯಾದ ಹಾಗೆ ಕೀಲಿ ತೆಗೆಯುವುದೇ ಕಡಿಮೆಯಾಗಬಹುದು. ನಮ್ಮಲ್ಲಿ ಕೀಲಿಕೈ ಕಳೆದು ಆದ ನಷ್ಟಕ್ಕಿಂತ ಕೀಲಿ ತೆಗೆಯದೆ ಆದ ನಷ್ಟ ದೊಡ್ಡದೆಂದು ಯಾರಾದರೂ ವಾದಿಸಿದರೆ ಎದುರಾಡುವುದು ಸುಲಭವಲ್ಲ. ದೇಶದ ಹಳ್ಳಿ ಶಾಲೆಗಳನ್ನು ಸಮೀಕ್ಷೆ ಮಾಡುವ ಅಸರ್ ವರದಿಯಲ್ಲಿ ಹುಡುಗಿಯರ ಶೌಚಾಲಯದ ಲೆಕ್ಕಕ್ಕೆ ಮನೆಗಳಿವೆ. ಇಲ್ಲವೇ ಇಲ್ಲ, ಇದೆ ಆದರೆ ಕೀಲಿ ಹಾಕಿದೆ, ತೆರೆದಿದೆ ಆದರೆ ಬಳಸುವಂತಿಲ್ಲ, ಬಳಸುವಂತಿದೆ. ಕೀಲಿ ಹಾಕಿದ್ದನ್ನು ಬೇರೆಯಾಗಿಯೇ ಎಣಿಸಬೇಕಾದ ಸ್ಥಿತಿ ನಮ್ಮದು. ಆ ಕೀಲಿಕೈ ಮಾಸ್ತರ ಮೇಜಿನ ಖಾನೆಯಲ್ಲಿದ್ದರೆ ಹದಿಮೂರು ವರ್ಷದ ಹುಡುಗಿ ಇಡೀ ಕ್ಲಾಸಿನೆದುರು ಎದ್ದು ಹೋಗಿ ಕೇಳುವುದಿಲ್ಲ, ಸಂಜೆವರೆಗೆ ತಡೆದುಕೊಳ್ಳುತ್ತಾಳೆ, ಇಲ್ಲವೇ ನೀರು ಕುಡಿಯುವುದನ್ನೇ ಬಿಡುತ್ತಾಳೆ. ಶೌಚಾಲಯದ ಕೀಲಿಕೈ ಹುಡುಗಿಯರ ಕೈಯಲ್ಲೇ ಇರಬೇಕು, ಅದಕ್ಕೆ ರಿಜಿಸ್ಟರಿನ ಸಹಿಯೂ ಬೇಡ. ಶಾಲೆಯ ಹೊತ್ತಿನಲ್ಲಿ ಅದಕ್ಕೆ ಕೀಲಿಯೇ ಇಲ್ಲದಿದ್ದರೆ ಇನ್ನೂ ಒಳ್ಳೆಯದು.

ಪುಸ್ತಕದ ಕಪಾಟಿನದೂ, ಊರ ಗ್ರಂಥಾಲಯದ ಬಾಗಿಲಿನದೂ ಇದೇ ಹಣೆಬರಹ. ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಮರುವರ್ಷ ಮಕ್ಕಳ ದಿನದಂದು ‘ಓದುವ ಬೆಳಕು’ ಎಂಬ ಮಕ್ಕಳ ಓದಿನ ಕಾರ್ಯಕ್ರಮ ಶುರುವಾಯಿತು. ಈಗ ಅವುಗಳಿಗೆ ಅರಿವು ಕೇಂದ್ರವೆಂದು ಹೆಸರು. ಮೇಲ್ವಿಚಾರಕರು ಒಬ್ಬರೇ. ಅವರು ರಜೆ ಹಾಕಿದ ದಿನ ಊರಿನ ಪಿಯುಸಿ, ಡಿಗ್ರಿ ಹುಡುಗರು ಸರದಿಯ ಮೇಲೆ ಬಾಗಿಲು ತೆಗೆದರೆ ಪೊಲೀಸ್ ಪರೀಕ್ಷೆಗೆ, ಕೆಎಎಸ್‌ಗೆ ಓದುವವರಿಗೆ ಒಂದು ದಿನವೂ ತಪ್ಪುವುದಿಲ್ಲ.

ವಿದ್ಯಾರ್ಥಿಗಳ ಕೈಗೆ ಕೆಲಸ ಕೊಡುವುದು ನಮ್ಮ ಸೀಮೆಗೆ ಹೊಸದೇನಲ್ಲ. ಹಾವೇರಿ ತಾಲ್ಲೂಕಿನ ಹೊಸರಿತ್ತಿಯ ಗಾಂಧಿ ಗ್ರಾಮೀಣ ಗುರುಕುಲ, 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ, ಕೈಕೆಲಸದ ಮೂಲಕ ಕಲಿಸುವ ನಯೀ ತಾಲೀಮಿನ ಹಾದಿಯದು. ಪಕ್ಕದ ಮಹಾರಾಷ್ಟ್ರದಲ್ಲಿ ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ಕಟ್ಟಿದ ರಯತ್ ಶಿಕ್ಷಣ ಸಂಸ್ಥೆ, ದುಡಿಯುತ್ತ ಕಲಿಯುವ ಪದ್ಧತಿಯಿಂದಲೇ ಬಡ ಮಕ್ಕಳನ್ನು ಓದಿಸಿತು. ಅಲ್ಲಿಯ ಕಾಲೇಜುಗಳಲ್ಲಿ ಗ್ರಂಥಾಲಯ, ಕಚೇರಿ, ತೋಟದಲ್ಲಿ ದುಡಿಯುವ ವಿದ್ಯಾರ್ಥಿಗೆ ಕೂಲಿ ಉಂಟು. ಕೆಲಸ ಎಂದು ಒಪ್ಪಿಕೊಂಡ ಮೇಲೆ ಅದಕ್ಕೆ ಹೊತ್ತು, ಹೊಣೆ, ಸಂಭಾವನೆ ಮೂರನ್ನೂ ಬರೆದಿಡಬೇಕಾಗುತ್ತದೆ. ಸೇವೆ ಎಂದು ಕರೆದರೆ ಯಾವುದನ್ನೂ ಬರೆಯಬೇಕಾಗಿಲ್ಲ. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಸುದ್ದಿ ರಾಜ್ಯವನ್ನೇ ಕಲಕಿತು. ಕೀಲಿಕೈ ಕೊಡುವುದಕ್ಕೂ ಅದಕ್ಕೂ ಅಜಗಜಾಂತರ, ನಿಜ. ಆದರೂ ಎಲ್ಲಿ ಗೆರೆ ಎಳೆಯಬೇಕೆಂಬುದು ತಿಳಿದಿರಬೇಕು. ಕ್ಲಾಸು ಕೋಣೆ, ಪುಸ್ತಕದ ಕಪಾಟು, ಆಟದ ಸಾಮಾನು ಇವುಗಳ ಕೀಲಿಕೈ ಮಕ್ಕಳ ಕೈಗೆ ಹೋಗಬಹುದು. ಉಗ್ರಾಣ, ಗ್ಯಾಸು, ವಿದ್ಯುತ್ ಮೋಟಾರು, ಅಂಕಪಟ್ಟಿಯ ಕಪಾಟು ಎಂದಿಗೂ ಬೇಡ. ಕಳೆದುಹೋದರೆ ಮಗುವಿನಿಂದ ದುಡ್ಡು ವಸೂಲಿ ಮಾಡುವುದಂತೂ ಬೇಡವೇ ಬೇಡ. ದಂಡಕ್ಕೆ ಹೆದರಿದ ಹುಡುಗ ಕೀಲಿಕೈ ಕಳೆದದ್ದನ್ನು ನಾಲ್ಕು ದಿನ ಮುಚ್ಚಿಡುತ್ತಾನೆ, ಶಾಲೆಗೆ ನಿಜವಾದ ಅಪಾಯ ಇರುವುದು ಆ ನಾಲ್ಕು ದಿನಗಳಲ್ಲಿ.

ಇನ್ನು ಮಾಸ್ತರುಗಳ ವರ್ಗಾವಣೆಯ ಸಮಯ. ಚಾರ್ಜು ಕೊಡುವ ಪಟ್ಟಿಯಲ್ಲಿ ದಾಖಲಾತಿ ರಿಜಿಸ್ಟರು, ಕ್ಯಾಶ್‌ಬುಕ್ಕು, ಬೆಂಚು, ಕುರ್ಚಿ, ಪಾತ್ರೆ, ಸಿಲಿಂಡರು ಎಲ್ಲವೂ ಅಂಕಿಸಂಖ್ಯೆಯ ಸಮೇತ ಇರುತ್ತವೆ. ಕೀಲಿಕೈಯ ಬಗ್ಗೆ ಹೆಚ್ಚೆಂದರೆ “ಒಂದು ಗೊಂಚಲು” ಎಂದಿರುತ್ತದೆ. ಈ ಸಲ ಗೊಂಚಲನ್ನು ಬಿಚ್ಚಿ, ಹೋಗುವವರು ಬರುವವರು ಇಬ್ಬರೂ ಕೂಡಿ ಬಾಗಿಲಿಂದ ಬಾಗಿಲಿಗೆ ಹೋಗಿ ಒಂದೊಂದನ್ನೂ ಹಾಕಿ ತೆಗೆದು ನೋಡಿ, ಅಂಕಿ ಬರೆದು ಸಹಿ ಮಾಡಲಿ. ಶಾಲಾ ಸಂಸತ್ತಿನ ಮಂತ್ರಿಗಳನ್ನೂ ಜೊತೆಗೆ ಕರೆದುಕೊಂಡರೆ ಕೆಲಸ ಬೇಗ ಮುಗಿದೀತು, ಯಾವ ಕೀಲಿ ಎಷ್ಟು ಸಲ ಅಲುಗಾಡಿಸಿದರೆ ತೆರೆಯುತ್ತದೆ ಎಂಬುದು ಅವರಿಗೇ ಗೊತ್ತಿರುತ್ತದೆ.